ಜಕಾರ್ತದ ಚಿನ್ನದ ಹಿಂದಿದ್ದ ಮೇಷ್ಟ್ರು

ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿರುವ ನಮ್ಮವರಿಗೆ ಭಾರತದ ಫುಟ್‌ಬಾಲ್ ತಂಡವನ್ನು ದೊಡ್ಡ ಟೂರ್ನಿಯಲ್ಲಿ ಕಣ್ಣಾರೆ ನೋಡುವ ಭಾಗ್ಯ ಊರಿನಲ್ಲಿರುವವರಿಗಿಂತ ಹೆಚ್ಚೇ ಸಿಕ್ಕಿದೆ. ಏಷ್ಯಾ ಕಪ್ ಪ್ರಧಾನ ಸುತ್ತಿನಲ್ಲಿ ಭಾರತ 2011ರಲ್ಲಿ ಆಡಿದ್ದು ಕತಾರ್‌ನಲ್ಲಿ, 2019ರಲ್ಲಿ ಯುಎಇಯಲ್ಲಿ, 2024ರ ಜನವರಿಯಲ್ಲಿ ಮತ್ತೆ ಕತಾರ್‌ನಲ್ಲಿ. ಅಬುಧಾಬಿಯಲ್ಲಿ ಸುನಿಲ್ ಚೆಟ್ರಿ ಪಡೆ ಥಾಯ್ಲೆಂಡ್ ತಂಡವನ್ನು 4–1ರಿಂದ ಸೋಲಿಸಿದಾಗ ಕುಣಿದವರಿದ್ದಾರೆ. ಕತಾರ್‌ನ ಕೊನೆಯ ಟೂರ್ನಿಯಲ್ಲಿ ಮೂರು ಪಂದ್ಯ ಸೋತು, ಒಂದೂ ಗೋಲು ಕಾಣದೆ ತಂಡ ಹೊರಬಿದ್ದಾಗ ಬಾವುಟ ಮಡಚಿಕೊಂಡು ಮೆಟ್ರೊ ಹತ್ತಿದವರೂ ಇದ್ದಾರೆ.

ಇಂಥ ರಾತ್ರಿ ಮನೆಗೆ ಬಂದ ಮೇಲೆ ಮಕ್ಕಳು ಕೇಳುವ ಪ್ರಶ್ನೆ ಒಂದಿದೆ. ನಮ್ಮ ದೇಶ ಎಂದಾದರೂ ಫುಟ್‌ಬಾಲ್‌ನಲ್ಲಿ ಗೆದ್ದಿತ್ತೇ? ಗೆದ್ದಿತ್ತು. ಏಷ್ಯಾದ ಚಿನ್ನವನ್ನು ಎರಡು ಸಲ ಗೆದ್ದಿತ್ತು. ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಏರಿತ್ತು. ಈ ಮೂರೂ ಸಲ ತಂಡವನ್ನು ಸಿದ್ಧಗೊಳಿಸಿದವರು ಒಬ್ಬರೇ. ಅವರು ಹೈದರಾಬಾದಿನ ಶಾಲಾ ಮೇಷ್ಟ್ರು ಸೈಯದ್ ಅಬ್ದುಲ್ ರಹೀಂ. 2024ರಲ್ಲಿ ತೆರೆಕಂಡ ಹಿಂದಿ ಚಿತ್ರ ‘ಮೈದಾನ್’ ಅವರ ಹೆಸರನ್ನು ಹೊಸ ತಲೆಮಾರಿಗೆ ಪರಿಚಯಿಸಿತು. ಸಿನಿಮಾದ ಆಚೆಗೆ ಅವರ ಬದುಕಿನಲ್ಲಿ ತಿಳಿಯಬೇಕಾದದ್ದು ಬಹಳಷ್ಟಿದೆ.

ಶಾಲೆಯಿಂದ ಮೈದಾನಕ್ಕೆ

ರಹೀಂ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ಸಂಸ್ಥಾನದ ರಾಜಧಾನಿ. ಇಂದಿನ ಬೀದರ್, ಕಲಬುರಗಿ, ರಾಯಚೂರು ಸೀಮೆಯೂ ಆ ಸಂಸ್ಥಾನಕ್ಕೇ ಸೇರಿತ್ತು. ನಮ್ಮ ಅಜ್ಜಂದಿರ ಕಾಲದಲ್ಲಿ ಆ ಭಾಗದವರು ಹೆಚ್ಚಿನ ಓದಿಗೆ, ನೌಕರಿಗೆ, ಕೋರ್ಟು ಕಚೇರಿಯ ಕೆಲಸಕ್ಕೆ ಹೋಗುತ್ತಿದ್ದುದು ಅಲ್ಲಿಗೇ. ಹಾಗಾಗಿ ರಹೀಂ ಓಡಾಡಿದ ಊರು ಕಲ್ಯಾಣ ಕರ್ನಾಟಕದ ಹಿರಿಯರಿಗೆ ಹೊರಗಿನದಲ್ಲ.

ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಅವರು ಅಲ್ಲಿಯ ತಂಡದಲ್ಲಿ ಆಡಿದರು. ಓದು ಮುಗಿದ ಮೇಲೆ ಹಿಡಿದದ್ದು ಶಿಕ್ಷಕ ವೃತ್ತಿ. ಹೈದರಾಬಾದಿನ ಬೇರೆ ಬೇರೆ ಶಾಲೆಗಳಲ್ಲಿ ಪಾಠ ಹೇಳಿದರು, ದೈಹಿಕ ಶಿಕ್ಷಣದ ತರಬೇತಿ ಪಡೆದು ಆಟದ ಹೊಣೆಯನ್ನೂ ಹೊತ್ತರು. ಮಕ್ಕಳಿಗೆ ಅಕ್ಷರ ಕಲಿಸುವಾಗಿನ ತಾಳ್ಮೆ ಮುಂದೆ ಅವರ ಫುಟ್‌ಬಾಲ್ ತರಬೇತಿಯಲ್ಲೂ ಕಂಡಿತು. ಬಾರದ್ದನ್ನು ಬೈಯದೆ ಬಿಡಿಸಿ ಹೇಳುವುದು, ಬರುವವರೆಗೂ ಮತ್ತೆ ಮತ್ತೆ ಮಾಡಿಸುವುದು ಅವರ ಕ್ರಮವಾಗಿತ್ತು.

1940ರ ದಶಕದ ಆರಂಭದಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿ ಅವರ ಕೈಗೆ ಬಂತು. ಅದೇ ವರ್ಷದಿಂದ 1954ರವರೆಗೆ ಸತತ ಐದು ಬಾರಿ ಆ ತಂಡ ಮುಂಬೈನ ರೋವರ್ಸ್ ಕಪ್ ಗೆದ್ದಿತು. ಡುರಾಂಡ್ ಕಪ್ ಕೂಡ ಹೈದರಾಬಾದಿಗೆ ಬಂತು. ಕೋಲ್ಕತ್ತದ ದೊಡ್ಡ ಕ್ಲಬ್‌ಗಳೇ ದೇಶದ ಫುಟ್‌ಬಾಲ್ ಎನ್ನುವಂತಿದ್ದ ಕಾಲದಲ್ಲಿ ದಕ್ಷಿಣದ ಪೊಲೀಸ್ ತಂಡವೊಂದು ಅವರನ್ನು ಸರಿಗಟ್ಟಿತ್ತು.

ಈ ಗೆಲುವುಗಳ ಹಿಂದೆ ಸರಳವಾದ ಕೆಲವು ಪಾಠಗಳಿದ್ದವು. ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಒಬ್ಬೊಬ್ಬರನ್ನೇ ಏಮಾರಿಸುತ್ತ ಹೋಗುವ ಆಟಕ್ಕೆ ಆಗ ಚಪ್ಪಾಳೆ ಹೆಚ್ಚು. ರಹೀಂ ಸಾಬ್ ಅದಕ್ಕೆ ಕಡಿವಾಣ ಹಾಕಿದರು. ಬಂದ ಚೆಂಡನ್ನು ಒಂದೆರಡು ತಾಗಿಗೇ ಜೊತೆಗಾರನಿಗೆ ದಾಟಿಸಬೇಕು, ದಾಟಿಸಿದ ಕೂಡಲೇ ಖಾಲಿ ಜಾಗಕ್ಕೆ ಓಡಬೇಕು. ಇದು ರೂಢಿಯಾಗಲೆಂದು ಹುಡುಗರಿಗೆ ಡ್ರಿಬ್ಲಿಂಗ್ ನಿಷೇಧಿಸಿದ ಟೂರ್ನಿಗಳನ್ನು ನಡೆಸಿದರು. ಬಲಗಾಲಿನವರು ಎಡಗಾಲಿನಲ್ಲೇ ಆಡಬೇಕು, ಎಡಗಾಲಿನವರು ಬಲಗಾಲಿನಲ್ಲೇ ಆಡಬೇಕು ಎಂಬ ನಿಯಮದ ಪಂದ್ಯಗಳೂ ಇದ್ದವು. ದೊಡ್ಡ ಪಂದ್ಯದಲ್ಲಿ ಚೆಂಡು ಯಾವ ಕಾಲಿಗೆ ಬಂದರೂ ಆಟಗಾರ ತಡವರಿಸಬಾರದು ಎಂಬುದು ಇದರ ಉದ್ದೇಶ.

ಪ್ರತಿಭೆ ಕಂಡರೆ ಅದನ್ನು ಮೈದಾನಕ್ಕೆ ತರುವ ದಾರಿಯನ್ನೂ ಅವರೇ ಹುಡುಕುತ್ತಿದ್ದರು. ಸಿಕಂದರಾಬಾದಿನ ಅಂಚಿನ ಅಮ್ಮುಗುಡದಲ್ಲಿ ಬಡ ಕುಟುಂಬದ ತುಳಸೀದಾಸ್ ಬಲರಾಂ ಎಂಬ ಹುಡುಗ ಅವರ ಕಣ್ಣಿಗೆ ಬಿದ್ದ. ದಿನವೂ ಹೈದರಾಬಾದಿಗೆ ಬಂದುಹೋಗುವ ಖರ್ಚು ಹುಡುಗನ ಶಕ್ತಿಗೆ ಮೀರಿದ್ದು. ಬಾಡಿಗೆ ಸೈಕಲ್‌ಗೆ ರಹೀಂ ಅವರೇ ಹಣ ಕೊಟ್ಟು ಅಭ್ಯಾಸಕ್ಕೆ ಕರೆಸಿಕೊಂಡರು. ಆ ಹುಡುಗ ಮುಂದೆ ಎರಡು ಒಲಿಂಪಿಕ್ಸ್‌ಗಳಿಗೆ ಹೋದ.

ಬರಿಗಾಲು ಕಲಿಸಿದ ಪಾಠ

ರಾಷ್ಟ್ರೀಯ ತಂಡದ ಹೊಣೆ ರಹೀಂ ಅವರಿಗೆ ಬಂದದ್ದೂ 1950ರ ಹೊತ್ತಿಗೇ. ಬ್ರೆಜಿಲ್‌ನ ವಿಶ್ವಕಪ್‌ನಲ್ಲಿ ಆಡುವ ಅವಕಾಶವಿದ್ದರೂ ಭಾರತ ಹಿಂದೆ ಸರಿದಿದ್ದ ವರ್ಷ ಅದು. ಮರುವರ್ಷ, 1951ರ ಮಾರ್ಚ್‌ನಲ್ಲಿ, ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಶೈಲೇನ್ ಮನ್ನಾ ನಾಯಕತ್ವದ ಭಾರತ ಫೈನಲ್‌ನಲ್ಲಿ ಇರಾನ್ ತಂಡವನ್ನು ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಸೋಲಿಸಿ ಚಿನ್ನ ಗೆದ್ದಿತು.

ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ನಮ್ಮ ನಾಡಿಗೆ ಆಗ ಫುಟ್‌ಬಾಲ್‌ನಲ್ಲಿ ದೊಡ್ಡ ಹೆಸರಿತ್ತು. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, ಅದು 1937ರಲ್ಲಿ. ಮೈಸೂರು ರಾಜ್ಯ ತಂಡ 1946–47 ಮತ್ತು 1952–53ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. ರಾಷ್ಟ್ರೀಯ ತಂಡಕ್ಕೆ ಆಟಗಾರರನ್ನು ಹುಡುಕುವಾಗ ರಹೀಂ ಬೆಂಗಳೂರಿನ ಕಡೆ ನೋಡದೆ ಇರುವಂತಿರಲಿಲ್ಲ.

ದೆಹಲಿಯ ಸಂಭ್ರಮ ಹೆಚ್ಚು ಕಾಲ ಉಳಿಯಲಿಲ್ಲ. 1952ರ ಜುಲೈನಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನ ಮೊದಲ ಪಂದ್ಯದಲ್ಲೇ ಯುಗೊಸ್ಲಾವಿಯಾ ಎದುರು ಭಾರತ 1–10ರಿಂದ ಸೋತಿತು. ಫಿನ್ಲೆಂಡಿನ ಚಳಿ, ಒದ್ದೆ ನೆಲ, ಎದುರಿಗೆ ಬೂಟು ತೊಟ್ಟ ಗಟ್ಟಿ ಆಟಗಾರರು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಭಾರತದ ಆ ಒಂದು ಗೋಲನ್ನು ಹೊಡೆದವರು ಅಹ್ಮದ್ ಖಾನ್.

ಹತ್ತು ಗೋಲು ಬಿಟ್ಟುಕೊಟ್ಟ ತಂಡದ ತರಬೇತುದಾರ ಮನೆಗೆ ಹೋಗುವುದೇ ಸಾಮಾನ್ಯ. ರಹೀಂ ಉಳಿದುಕೊಂಡರು, ಸೋಲಿನ ಕಾರಣಗಳನ್ನು ಒಂದೊಂದಾಗಿ ಸರಿಪಡಿಸುತ್ತ ಹೋದರು. ಹೆಲ್ಸಿಂಕಿಯ ಬಳಿಕ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಬರಿಗಾಲಿಗೆ ಒಗ್ಗಿದವರಿಗೆ ಬೂಟಿನಲ್ಲಿ ಚೆಂಡಿನ ಹದ ತಿಳಿಯುವುದು ಸುಲಭವಿರಲಿಲ್ಲ, ಅಭ್ಯಾಸವೊಂದೇ ದಾರಿ. ಇನ್ನೊಂದು ತೊಂದರೆ ತಂಡ ನಿಲ್ಲುವ ರೀತಿಯಲ್ಲಿತ್ತು. 1953ರಲ್ಲಿ ಹಂಗೇರಿ ತಂಡ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6–3ರಿಂದ ಸೋಲಿಸಿದಾಗ ಅದರ ಸೆಂಟರ್ ಫಾರ್ವರ್ಡ್ ಮುಂದೆ ನಿಲ್ಲದೆ ಹಿಂದೆ ಸರಿದು ಆಡಿದ್ದು ಎಲ್ಲರ ಗಮನ ಸೆಳೆದಿತ್ತು. ರಹೀಂ ಇಂಥ ಹೊಸ ವಿಧಾನಗಳನ್ನು ಅಭ್ಯಾಸ ಮಾಡಿ ನಮ್ಮ ಆಟಗಾರರಿಗೆ ಹೊಂದುವಂತೆ ಬದಲಿಸಿಕೊಂಡರು.

ಮೆಲ್ಬರ್ನ್‌ನ ಡಿಸೆಂಬರ್

ನಾಲ್ಕು ವರ್ಷದ ಈ ಕೆಲಸ ಫಲ ಕೊಟ್ಟದ್ದು ಆಸ್ಟ್ರೇಲಿಯಾದಲ್ಲಿ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಮೊದಲ ಎದುರಾಳಿ ಹಂಗೇರಿ ಕಣದಿಂದ ಹಿಂದೆ ಸರಿಯಿತು. ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯಾವನ್ನು ಭಾರತ 4–2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದು, ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಹ್ಯಾಟ್ರಿಕ್ ಗಳಿಸಿದ ಏಷ್ಯಾದ ಮೊದಲ ಆಟಗಾರ ಎನಿಸಿದರು. ಏಷ್ಯಾದ ತಂಡವೊಂದು ಒಲಿಂಪಿಕ್ಸ್ ಸೆಮಿಫೈನಲ್ ತಲುಪಿದ್ದು ಅದೇ ಮೊದಲು.

ಸೆಮಿಫೈನಲ್‌ನಲ್ಲಿ ಎದುರಾದದ್ದು ಮತ್ತೆ ಅದೇ ಯುಗೊಸ್ಲಾವಿಯಾ. ಈ ಸಲ ಮೊದಲು ಗೋಲು ಹೊಡೆದದ್ದು ಭಾರತ. ಕೊನೆಗೆ 1–4ರಿಂದ ಸೋತರೂ ಹೆಲ್ಸಿಂಕಿಗೂ ಮೆಲ್ಬರ್ನ್‌ಗೂ ಇದ್ದ ಅಂತರ ಕಣ್ಣಿಗೆ ಕಾಣುವಂತಿತ್ತು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ಎದುರು ಸೋತು ಭಾರತ ನಾಲ್ಕನೇ ಸ್ಥಾನ ಪಡೆಯಿತು. ಬೆಂಗಳೂರಿನ ಕೆಂಪಯ್ಯ ಈ ತಂಡದಲ್ಲಿದ್ದರು; ನಾಲ್ಕು ವರ್ಷದ ಬಳಿಕ ರೋಮ್‌ಗೂ ಹೋದರು.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಫಲಿತಾಂಶ ಅಷ್ಟು ಸಿಹಿಯಾಗಿರಲಿಲ್ಲ. ಹಂಗೇರಿ ಎದುರು 1–2ರಿಂದ, ಪೆರು ಎದುರು 1–3ರಿಂದ ಸೋಲು. ಆದರೆ ಫ್ರಾನ್ಸ್ ಜೊತೆ 1–1 ಸಮ. ಆ ತಂಡದಲ್ಲಿ ರಹೀಂ ಅವರ ಮಗ ಸೈಯದ್ ಶಾಹಿದ್ ಹಕೀಂ ಕೂಡ ಇದ್ದರು. ಮೂರು ಪಂದ್ಯಗಳಲ್ಲಿ ಒಂದರಲ್ಲೂ ಅವರಿಗೆ ಕಣಕ್ಕಿಳಿಯುವ ಅವಕಾಶ ಸಿಗಲಿಲ್ಲ. ತಂದೆ ತರಬೇತುದಾರ ಎಂಬುದು ಮಗನ ನೆರವಿಗೆ ಬರಲಿಲ್ಲ.

ಹೈದರಾಬಾದಿನ ಶಿಬಿರ

1962ರ ಏಷ್ಯನ್ ಕ್ರೀಡಾಕೂಟ ನಿಗದಿಯಾದದ್ದು ಇಂಡೊನೇಷ್ಯಾದ ಜಕಾರ್ತದಲ್ಲಿ. ರಹೀಂ ಆಟಗಾರರನ್ನು ಹೈದರಾಬಾದಿನ ಶಿಬಿರಕ್ಕೆ ಕರೆಸಿಕೊಂಡರು. ಅಂದಿನ ಆಟಗಾರರಿಗೆ ಫುಟ್‌ಬಾಲ್ ಸಂಬಳ ತರುವ ವೃತ್ತಿಯಾಗಿರಲಿಲ್ಲ. ಒಬ್ಬರು ರೈಲ್ವೆ ನೌಕರ, ಇನ್ನೊಬ್ಬರು ಸೈನಿಕ, ಮತ್ತೊಬ್ಬರು ಪೊಲೀಸ್. ರಜೆ ಮಂಜೂರಾದರೆ ಆಟ.

ಅವರು ಬಂದ ಊರುಗಳನ್ನು ನೋಡಿ. ನಾಯಕ ಚುನಿ ಗೋಸ್ವಾಮಿ, ಪಿ.ಕೆ. ಬ್ಯಾನರ್ಜಿ, ಅರುಣ್ ಘೋಷ್ ಬಂಗಾಳದವರು. ಜರ್ನೈಲ್ ಸಿಂಗ್ ಪಂಜಾಬಿ. ಬಲರಾಂ, ಯೂಸುಫ್ ಖಾನ್ ಹೈದರಾಬಾದಿನವರು. ಚಂದ್ರಶೇಖರನ್ ಕೇರಳದವರು, ಫ್ರಾಂಕೊ ಗೋವಾ ಮೂಲದವರು. ಗೋಲ್‌ಕೀಪರ್ ಪೀಟರ್ ತಂಗರಾಜ್ ಹೈದರಾಬಾದಿನಲ್ಲಿ ಹುಟ್ಟಿ ಸೇನೆಯಲ್ಲಿ ಬೆಳೆದ ತಮಿಳು ಆಟಗಾರ. ಬೆಂಗಳೂರಿನಿಂದ ಅರುಮೈನಾಯಗಂ. ಒಂದೇ ಕೋಣೆಯಲ್ಲಿ ನಾಲ್ಕು ಭಾಷೆ, ಒಂದೇ ಪಂಕ್ತಿಯಲ್ಲಿ ನಾಲ್ಕು ಬಗೆಯ ಊಟದ ರೂಢಿ. ಕೊಲ್ಲಿಯಲ್ಲಿ ಹಂಚಿಕೊಂಡ ಕೋಣೆಗಳಲ್ಲಿ ವರ್ಷಗಟ್ಟಲೆ ಬಾಳಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಇವರನ್ನೆಲ್ಲ ಒಂದೇ ತಾಳಕ್ಕೆ ತರುವುದು ತರಬೇತುದಾರನ ಅರ್ಧ ಕೆಲಸ. ಒಬ್ಬನ ಪಾಸ್ ಇನ್ನೊಬ್ಬನ ಓಟಕ್ಕೆ ಕೂಡಿಬರುವವರೆಗೆ ರಹೀಂ ಅದನ್ನೇ ಮಾಡಿಸಿದರು. ಯಾರು ಯಾವ ಜಾಗದಲ್ಲಿ ಆಡಬಲ್ಲರು, ಅವರ ಎರಡನೆಯ ಜಾಗ ಯಾವುದು ಎಂಬ ಲೆಕ್ಕವೂ ಅವರ ತಲೆಯಲ್ಲಿತ್ತು. ಆ ಲೆಕ್ಕ ಜಕಾರ್ತದಲ್ಲಿ ಉಪಯೋಗಕ್ಕೆ ಬಂತು.

ಒಂದು ಲಕ್ಷ ಜನರ ಎದುರು

ಆರಂಭ ಚೆನ್ನಾಗಿರಲಿಲ್ಲ. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾ 2–0ರಿಂದ ಗೆದ್ದಿತು. ಥಾಯ್ಲೆಂಡ್ ತಂಡವನ್ನು ಭಾರತ 4–1ರಿಂದ ಸೋಲಿಸಿತಾದರೂ ರಕ್ಷಣಾ ವಿಭಾಗದ ಆಧಾರ ಸ್ತಂಭ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಆರು ಹೊಲಿಗೆ ಹಾಕಬೇಕಾಯಿತು. ಜಪಾನ್ ತಂಡವನ್ನು 2–0ರಿಂದ ಮಣಿಸಿ ತಂಡ ಸೆಮಿಫೈನಲ್ ತಲುಪಿತು.

ಮೈದಾನದ ಹೊರಗೆ ಪರಿಸ್ಥಿತಿ ಬಿಗಡಾಯಿಸಿತ್ತು. ಇಂಡೊನೇಷ್ಯಾ ಸರ್ಕಾರ ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳಿಗೆ ಪ್ರವೇಶ ಕೊಟ್ಟಿರಲಿಲ್ಲ. ಏಷ್ಯನ್ ಕ್ರೀಡಾಕೂಟದ ಸ್ಥಾಪಕರಲ್ಲಿ ಒಬ್ಬರಾದ ಭಾರತದ ಗುರುದತ್ತ ಸೋಂಧಿ ಇದನ್ನು ವಿರೋಧಿಸಿದರು. ಇದರಿಂದ ಅಲ್ಲಿಯ ಜನರ ಸಿಟ್ಟು ಭಾರತದ ಕಡೆ ತಿರುಗಿ, ಉದ್ರಿಕ್ತ ಗುಂಪು ಭಾರತದ ರಾಯಭಾರ ಕಚೇರಿಗೂ ನುಗ್ಗಿತು. ಪರದೇಶದಲ್ಲಿದ್ದಾಗ ನಮ್ಮ ಕೈ ಮೀರಿದ ರಾಜಕೀಯಕ್ಕೆ ನಾವು ದಂಡ ತೆರುವುದು ಹೇಗಿರುತ್ತದೆ ಎಂಬುದು ಹೊರನಾಡಿನಲ್ಲಿ ಬಾಳುವವರಿಗೆ ಗೊತ್ತು. ಆಟ ಮಾತ್ರ ತಿಳಿದಿದ್ದ ಹುಡುಗರ ತಲೆಯ ಮೇಲೆ ಆ ಭಾರ ಬಿತ್ತು.

ಇಂಥ ಹೊತ್ತಿನಲ್ಲಿ ರಹೀಂ ಒಂದು ಅಚ್ಚರಿಯ ತೀರ್ಮಾನ ತೆಗೆದುಕೊಂಡರು. ಹೊಲಿಗೆ ಹಾಕಿಸಿಕೊಂಡಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಸೆಂಟರ್ ಫಾರ್ವರ್ಡ್ ಜಾಗಕ್ಕೆ ಕಳುಹಿಸಿದರು. ಜರ್ನೈಲ್ ಕಾಲೇಜು ದಿನಗಳಲ್ಲಿ ಮುಂದಿನ ಸಾಲಿನಲ್ಲಿ ಆಡಿದ್ದವರು ಎಂಬುದು ಅವರಿಗೆ ತಿಳಿದಿತ್ತು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ 3–2ರ ಗೆಲುವಿನಲ್ಲಿ ಚುನಿ ಗೋಸ್ವಾಮಿ ಎರಡು ಗೋಲು ಹೊಡೆದರೆ, ಇನ್ನೊಂದು ಗೋಲು ಜರ್ನೈಲ್ ಅವರದು.

ಸೆಪ್ಟೆಂಬರ್ 4ರಂದು ಸೆನಯಾನ್ ಕ್ರೀಡಾಂಗಣದಲ್ಲಿ ಫೈನಲ್. ಎದುರಾಳಿ ಮೊದಲ ಪಂದ್ಯದಲ್ಲಿ ಸೋಲಿಸಿದ್ದ ದಕ್ಷಿಣ ಕೊರಿಯಾ. ಸುಮಾರು ಒಂದು ಲಕ್ಷ ಪ್ರೇಕ್ಷಕರು, ಬಹುಪಾಲು ಎಲ್ಲರೂ ಭಾರತದ ವಿರುದ್ಧ. ತಂಗರಾಜ್ ಜ್ವರದಿಂದ ಎದ್ದು ಬಂದಿದ್ದರು. ರಹೀಂ ಅವರನ್ನೇ ಗೋಲ್‌ಕೀಪರ್ ಆಗಿ ಇಳಿಸಿದರು. ತ್ರಿಲೋಕ್ ಸಿಂಗ್ ಕಾಲಿಗೆ ಪೆಟ್ಟಾಗಿದ್ದರೂ ಆಡಿದರು. ಫೈನಲ್‌ನ ಹಿಂದಿನ ರಾತ್ರಿ ರಹೀಂ ಸಾಬ್ ಆಟಗಾರರನ್ನು ಕೂರಿಸಿಕೊಂಡು, ತನಗೆ ನಾಳೆ ಚಿನ್ನವನ್ನು ಉಡುಗೊರೆಯಾಗಿ ಕೊಡಿ ಎಂದು ಕೇಳಿಕೊಂಡದ್ದನ್ನು ಆ ತಂಡದ ಆಟಗಾರರು ಮುಪ್ಪಿನವರೆಗೂ ನೆನೆಯುತ್ತಿದ್ದರು.

17ನೇ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಗೋಲು ಹೊಡೆದರು. ಮೂರು ನಿಮಿಷದ ಬಳಿಕ ಜರ್ನೈಲ್ ಸಿಂಗ್. ಕೊರಿಯಾ ಒಂದು ಗೋಲು ಮರಳಿಸಿದ್ದು ಪಂದ್ಯದ ಕೊನೆಯ ಭಾಗದಲ್ಲಿ. ಅಂತಿಮ ಶಿಳ್ಳೆ ಊದಿದಾಗ ಭಾರತ 2–1. ಅಷ್ಟು ದೊಡ್ಡ ಕ್ರೀಡಾಂಗಣದಲ್ಲಿ ಭಾರತಕ್ಕೆ ಚಪ್ಪಾಳೆ ತಟ್ಟಿದ ಕೆಲವರಲ್ಲಿ ಪಾಕಿಸ್ತಾನದ ಹಾಕಿ ಆಟಗಾರರೂ ಇದ್ದರೆಂದು ನಮ್ಮ ಆಟಗಾರರು ಹೇಳಿಕೊಂಡಿದ್ದಾರೆ. ಅದೇ ಕೂಟದಲ್ಲಿ ಹಾಕಿ ಚಿನ್ನವನ್ನು ಭಾರತದ ಕೈಯಿಂದ ಕಸಿದುಕೊಂಡವರು ಅವರೇ.

ಒಂಬತ್ತು ತಿಂಗಳು

ಜಕಾರ್ತದಿಂದ ಮರಳಿದ ರಹೀಂ ಅವರಿಗೆ ಆ ಗೆಲುವನ್ನು ಮುಂದಕ್ಕೆ ಒಯ್ಯುವ ಸಮಯ ಉಳಿದಿರಲಿಲ್ಲ. ಧೂಮಪಾನ ಅವರ ಬಿಡಲಾಗದ ಚಟವಾಗಿತ್ತು. ಕ್ಯಾನ್ಸರ್ ಅವರನ್ನು ಹಾಸಿಗೆ ಹಿಡಿಸಿತು. 1963ರ ಜೂನ್ 11ರಂದು ಹೈದರಾಬಾದಿನಲ್ಲಿ ತೀರಿಕೊಂಡರು. ವಯಸ್ಸು ಇನ್ನೂ 53. ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದದ್ದು 1985ರಲ್ಲಿ. ಅವರ ಕಾಲದಲ್ಲಿ ಅಂಥದ್ದೊಂದು ಇರಲೇ ಇಲ್ಲ.

ಅವರ ನಂತರ ಏನಾಯಿತು ಎಂಬುದೇ ಅವರ ಕೆಲಸದ ತೂಕ ಹೇಳುತ್ತದೆ. ಅವರು ಕಟ್ಟಿದ ತಂಡದ ಬಲ ಇನ್ನೂ ಕೆಲ ಕಾಲ ಉಳಿದಿತ್ತು. 1964ರ ಏಷ್ಯಾ ಕಪ್‌ನಲ್ಲಿ ಭಾರತ ಎರಡನೇ ಸ್ಥಾನ ಪಡೆಯಿತು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದಿತು. ಆಮೇಲೆ ಆ ಕೂಟದ ಫುಟ್‌ಬಾಲ್‌ನಲ್ಲಿ ಪುರುಷರ ತಂಡಕ್ಕೆ ಪದಕವಿಲ್ಲ. 1960ರ ರೋಮ್ ನಂತರ ಒಲಿಂಪಿಕ್ಸ್ ಫುಟ್‌ಬಾಲ್‌ಗೆ ಭಾರತ ಹೋಗಿಯೇ ಇಲ್ಲ.

ಆಟಗಾರರ ಕಾಲು ಸೊರಗಿತೆಂದು ಇದಕ್ಕೆ ಸುಲಭದ ಕಾರಣ ಹೇಳಬಹುದು. ರಹೀಂ ಅವರ ಬದುಕು ಬೇರೆ ಕಾರಣವನ್ನು ತೋರಿಸುತ್ತದೆ. ಅವರು ಎರಡು ಸಾಲಿನಲ್ಲಿ ದುಡಿದರು. ಒಂದು, ನಾಳೆಯ ಟೂರ್ನಿಗೆ ತಂಡವನ್ನು ಅಣಿಗೊಳಿಸುವುದು. ಇನ್ನೊಂದು, ಹತ್ತು ವರ್ಷದ ಆಚೆಗೆ ಆಡಬೇಕಾದ ಹುಡುಗರಿಗೆ ಶಾಲೆಯಲ್ಲಿ, ಬೀದಿಯ ಮೈದಾನದಲ್ಲಿ ಎರಡೂ ಕಾಲಿನ ಆಟ ಕಲಿಸುವುದು. ಮೊದಲನೆಯ ಕೆಲಸಕ್ಕೆ ಅವರ ನಂತರವೂ ತರಬೇತುದಾರರು ಬಂದರು, ವಿದೇಶಗಳಿಂದಲೂ ಬಂದರು. ಎರಡನೆಯ ಕೆಲಸವನ್ನು ಅಷ್ಟೇ ಶ್ರದ್ಧೆಯಿಂದ ಹೊತ್ತು ನಿಲ್ಲುವವರು ದೇಶದ ಎಲ್ಲ ಕಡೆ ಸಿಗಲಿಲ್ಲ. ಹೈದರಾಬಾದಿನಲ್ಲೇ ಆ ಪರಂಪರೆ ಕಳೆಗುಂದಿತು.

ಇಂದು ದುಬೈ, ಮಸ್ಕತ್, ಸಿಂಗಪುರಗಳಲ್ಲಿ ಅನೇಕ ಕನ್ನಡಿಗ ಮನೆಗಳ ಮಕ್ಕಳು ವಾರದ ರಜೆಯಲ್ಲಿ ಫುಟ್‌ಬಾಲ್ ಅಕಾಡೆಮಿಗೆ ಹೋಗುತ್ತಾರೆ. ಮಗು ಎಷ್ಟು ಜನರನ್ನು ಏಮಾರಿಸಿ ಗೋಲು ಹೊಡೆಯಿತು ಎಂದು ಎಣಿಸುವ ಅಪ್ಪ ಅಮ್ಮಂದಿರು ಒಮ್ಮೆ ರಹೀಂ ಸಾಬ್ ಅವರ ಅಳತೆಗೋಲನ್ನೂ ಹಿಡಿದು ನೋಡಬಹುದು. ಬಾರದ ಕಾಲಿನಲ್ಲಿ ಎಷ್ಟು ಸಲ ಆಡಿತು, ಎಷ್ಟು ಚೆಂಡನ್ನು ಜೊತೆಗಾರನಿಗೆ ಕೊಟ್ಟಿತು?

ಜಕಾರ್ತಕ್ಕೆ ಹೋಗುವ ಕನ್ನಡಿಗರು ಆ ಕ್ರೀಡಾಂಗಣವನ್ನು ಈಗಲೂ ನೋಡಬಹುದು. ಇಂದು ಅದರ ಹೆಸರು ಗೆಲೋರಾ ಬುಂಗ್ ಕಾರ್ನೊ. 2018ರ ಏಷ್ಯನ್ ಕ್ರೀಡಾಕೂಟದ ಉದ್ಘಾಟನೆ ನಡೆದದ್ದು ಅಲ್ಲಿಯೇ. ಅಂದು ಭಾರತದ ಕ್ರೀಡಾಪಟುಗಳು ಬಾವುಟ ಹಿಡಿದು ಸಾಗಿದ ಮೆರವಣಿಗೆಯಲ್ಲಿ ಫುಟ್‌ಬಾಲ್ ತಂಡ ಇರಲಿಲ್ಲ. ಪದಕದ ಭರವಸೆ ಇಲ್ಲವೆಂದು ಅದನ್ನು ಕಳುಹಿಸಿಯೇ ಇರಲಿಲ್ಲ. 56 ವರ್ಷಗಳ ಹಿಂದೆ ಒಬ್ಬ ಮೇಷ್ಟ್ರು ಗಾಯಾಳುಗಳನ್ನೂ ಜ್ವರದವರನ್ನೂ ಕಟ್ಟಿಕೊಂಡು ಚಿನ್ನ ಗೆದ್ದದ್ದು ಅದೇ ನೆಲದಲ್ಲಿ.